ಹನ್ನೆರಡು ವೋಲ್ಟಿನ ಆಯುಷ್ಯ

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ ಎಂದರೆ ಎಷ್ಟೋ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ಎಸ್.ಪಿ. ರೋಡ್ ಎಂದರೆ ಸಾಕು, ಆಟೋದವರು ಮೀಟರ್ ಹಾಕದಿದ್ದರೂ ದಾರಿ ತಪ್ಪಿಸುವುದಿಲ್ಲ. ಟೌನ್‌ಹಾಲ್‌ನಿಂದ ನಡೆದೇ ಹೋಗಬಹುದು. ರಸ್ತೆಗೆ ಕಾಲಿಟ್ಟ ಕೂಡಲೇ "ಲ್ಯಾಪ್‌ಟಾಪಾ ಸಾರ್? ಪ್ರಿಂಟರಾ? ಏನ್ ಬೇಕು ಹೇಳಿ" ಎಂದು ಕನ್ನಡ, ಹಿಂದಿ, ತಮಿಳು ಬೆರೆಸಿ ಕರೆಯುವ ಹುಡುಗರು. ಕೀಬೋರ್ಡುಗಳ ರಟ್ಟಿನ ಪೆಟ್ಟಿಗೆ ಹೊತ್ತ ಕೈಗಾಡಿ, ಅದರ ಹಿಂದೆ ಹಾರ್ನ್ ಒತ್ತುತ್ತಿರುವ ಸ್ಕೂಟರು, ಮೇಲೆ ಆಕಾಶ ಕಾಣದಷ್ಟು ಕೇಬಲ್ಲು. ಹೊಸ ಸಾಮಾನು ಮಾರುವ ಅಂಗಡಿಗಳೆಲ್ಲ ರಸ್ತೆಗೆ ಮುಖ ಮಾಡಿ ನಿಂತಿವೆ. ಹಳೆಯದಕ್ಕೆ ಜೀವ ಕೊಡುವವರು ಇರುವುದು ಪಕ್ಕದ ಓಣಿಗಳಲ್ಲಿ, ಮೆಟ್ಟಿಲುಗಳ ಕೆಳಗೆ.

ಅಂಥದ್ದೊಂದು ಅಂಗಡಿ. ಒಂದು ಬೆಂಚು, ಎರಡು ಸ್ಟೂಲು, ಬಿಸಿ ಸಾಲ್ಡರಿಂಗ್ ಕಡ್ಡಿಯಿಂದ ಏಳುವ ರಾಳದ ವಾಸನೆ. ಗೋಡೆಯುದ್ದಕ್ಕೂ ಮುಚ್ಚಳ ಕಳಚಿದ ಯು.ಪಿ.ಎಸ್.ಗಳು. ಬೆಂಚಿನ ತುದಿಯಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಹಳೇ ಕಾಲದ ನೂರು ವ್ಯಾಟಿನ ಬಲ್ಬು. ರಿಪೇರಿಯವನಿಗೆ ಅದು ಬೆಳಕಿಗಲ್ಲ, ಪರೀಕ್ಷೆಗೆ.

ಡಿ.ಟಿ.ಪಿ. ಅಂಗಡಿ ನಡೆಸುವ ಹೆಂಗಸೊಬ್ಬರು ತರಕಾರಿ ಚೀಲದಿಂದ ಭಾರವಾದ ಕಪ್ಪು ಪೆಟ್ಟಿಗೆಯೊಂದನ್ನು ಎತ್ತಿ ಬೆಂಚಿನ ಮೇಲಿಟ್ಟರು.

"ಅಣ್ಣ, ಕರೆಂಟ್ ಹೋದ್ರೆ ಕಂಪ್ಯೂಟರೂ ಜೊತೆಗೇ ಹೋಗುತ್ತೆ. ನಿನ್ನೆ ಮದುವೆ ಪತ್ರಿಕೆ ಪೂರ್ತಿ ಟೈಪ್ ಮಾಡಿದ್ದೆ, ಸೇವ್ ಮಾಡೋದ್ರಲ್ಲಿದ್ದೆ..."

"ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತಕ್ಕ?"

"ತಗೊಂಡಾಗ ಇದ್ದದ್ದೇ. ನಾಲ್ಕು ವರ್ಷ ಆಗಿರಬೇಕು."

ಅವನು ಉತ್ತರಿಸದೆ ಸ್ಕ್ರೂ ಡ್ರೈವರ್ ತೆಗೆದುಕೊಂಡ. ಅವನ ಬೆರಳಲ್ಲಿ ಉಂಗುರವಿಲ್ಲ, ಮಣಿಕಟ್ಟಿನಲ್ಲಿ ಗಡಿಯಾರವಿಲ್ಲ. ಲೋಹದ ಒಡವೆ ಎರಡು ಟರ್ಮಿನಲ್‌ಗಳಿಗೂ ತಾಗಿದರೆ ಹನ್ನೆರಡೇ ವೋಲ್ಟಾದರೂ ಚರ್ಮ ಸುಡುವಷ್ಟು ಕರೆಂಟು ಹರಿಯುತ್ತದೆ. ಮುಚ್ಚಳ ತೆರೆದಾಗ ಕಂಡದ್ದು ಬೂದಿ ಬಣ್ಣದ ಧೂಳು, ಅದರ ನಡುವೆ ಇಟ್ಟಿಗೆಯಾಕಾರದ ಬ್ಯಾಟರಿ. ಅದರ ಪಕ್ಕೆಗಳು ಬೆಂದ ಇಡ್ಲಿಯ ಬೆನ್ನಿನಂತೆ ಉಬ್ಬಿವೆ. ಗೂಡಿನಲ್ಲಿ ಸಿಕ್ಕಿಕೊಂಡಿದ್ದ ಅದನ್ನು ಅತ್ತಿತ್ತ ಅಲುಗಿಸಿ, ತಾಳ್ಮೆಯಿಂದ ಹೊರಗೆಳೆದ.

ಮಲ್ಟಿಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ ಮುಟ್ಟಿಸಿದ. 12.6.

"ಚೆನ್ನಾಗೇ ಇದೆಯಲ್ಲಣ್ಣ?"

"ತಡೀರಿ." ಬ್ಯಾಟರಿಯನ್ನು ಮತ್ತೆ ವೈರಿಗೆ ಸೇರಿಸಿ, ಬಲ್ಬನ್ನು ಯು.ಪಿ.ಎಸ್.ಗೆ ಹಾಕಿ, ಗೋಡೆಯ ಪ್ಲಗ್ ಕಿತ್ತ. ಬಲ್ಬು ಒಮ್ಮೆ ಹೊತ್ತಿಕೊಂಡು ಮಂಕಾಯಿತು. ಮೀಟರು ಹನ್ನೊಂದು, ಹತ್ತು, ಒಂಬತ್ತು ಎಂದು ಜಾರಿತು. ಯು.ಪಿ.ಎಸ್. ಉದ್ದಕ್ಕೆ ಕೂಗಿ ಸುಮ್ಮನಾಯಿತು. "ನೋಡಿದ್ರಾ? ವೋಲ್ಟೇಜ್ ಇದೆ, ಕಸುವಿಲ್ಲ."

ಈ ಪೆಟ್ಟಿಗೆಯೊಳಗೆ ಇರುವುದು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದೇ ಕುಡಿ. ಸುಮಾರು ಎರಡು ವೋಲ್ಟಿನ ಆರು ಕೋಶಗಳು, ಅವುಗಳಲ್ಲಿ ಸೀಸದ ತಗಡುಗಳು, ನಡುವೆ ಆಮ್ಲ ಹೀರಿಕೊಂಡ ಗಾಜಿನ ನಾರಿನ ಹಾಳೆ. ಮೊಹರು ಮಾಡಿದ್ದರಿಂದ ನೀರು ಹಾಕುವ ತಾಪತ್ರಯವಿಲ್ಲ, ಒಣಗಿದರೆ ಹಾಕುವ ದಾರಿಯೂ ಇಲ್ಲ. ಇಪ್ಪತ್ತೈದು ಡಿಗ್ರಿ ಆಸುಪಾಸಿನ ತಂಪಿನಲ್ಲಿ ಮೂರರಿಂದ ಐದು ವರ್ಷ ಬಾಳುತ್ತದೆ. ಸೆಕೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ, ಮೇಜಿನ ಕೆಳಗೆ ಗೋಡೆಗೊತ್ತಿ, ಮೇಲೆ ಫೈಲುಗಳ ಕಟ್ಟು ಹೇರಿಸಿಕೊಂಡು ಕೂತ ಯು.ಪಿ.ಎಸ್. ಬೇಗ ಕೈಕೊಟ್ಟರೆ ಆಶ್ಚರ್ಯವೇನು? ಖಾಲಿಯಾದ ಬ್ಯಾಟರಿಯನ್ನು ಚಾರ್ಜ್ ಮಾಡದೆ ಬಿಟ್ಟರಂತೂ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ.

"ಪ್ರಿಂಟರೂ ಇದಕ್ಕೇ ಹಾಕಿದ್ದೀರಾ?"

"ಹೂಂ, ಲೇಸರ್ ಪ್ರಿಂಟರ್."

"ಅದನ್ನ ಮೊದಲು ತೆಗೀರಿ. ಒಳಗಿನ ಹೀಟರ್ ಒಂದೇ ಏಟಿಗೆ ಕರೆಂಟ್ ಎಳೆಯುತ್ತೆ. ಅದನ್ನ ನೇರ ಗೋಡೆಗೆ ಹಾಕಿ."

ಅಟ್ಟದಿಂದ ಹೊಸ ಬ್ಯಾಟರಿ ಇಳಿಯಿತು. 600 ವಿ.ಎ. ಯು.ಪಿ.ಎಸ್.ಗೆ ಸಾಮಾನ್ಯವಾಗಿ ಬೇಕಾಗುವ 12 ವೋಲ್ಟ್, 7 ಆಂಪಿಯರ್-ಅವರ್‌ನದ್ದು. ಬೆಲೆ ಹೇಳುವ ಮೊದಲೇ ಅವನು ತಯಾರಿಕೆಯ ತಿಂಗಳು ತೋರಿಸಿದ. ಅಟ್ಟದಲ್ಲಿ ವರ್ಷವಿಡೀ ಚಾರ್ಜಿಲ್ಲದೆ ಕೂತ ಬ್ಯಾಟರಿ ಹೆಸರಿಗೆ ಮಾತ್ರ ಹೊಸದು. ದೊಡ್ಡ ಯು.ಪಿ.ಎಸ್.ಗಳಲ್ಲಿ ಇಂಥವು ಎರಡಿರುತ್ತವೆ. ಒಂದನ್ನಷ್ಟೇ ಬದಲಿಸಿ ಹಣ ಉಳಿಸಲು ಹೋದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಕೊನೆಯ ಲಗ್ ಒತ್ತುವಾಗ ಚಟ್ ಎಂದು ಕಿಡಿ ಹಾರಿತು. ಹೆಂಗಸು ಹಿಂದೆ ಸರಿದರು. "ಅಷ್ಟು ಇದ್ದದ್ದೇ ಅಕ್ಕ, ಕೆಪಾಸಿಟರ್ ತುಂಬ್ಕೊಳ್ಳುತ್ತೆ." ಲಗ್ಗನ್ನು ಎಳೆದು ನೋಡಿದ, ಬಿಗಿಯಾಗಿದೆ. ಅದು ಸಡಿಲವಾದರೆ ಬಿಸಿಯಾಗಿ ವೈರೇ ಸುಡುತ್ತದೆ. ಮತ್ತೆ ಪ್ಲಗ್ ಕಿತ್ತ. ಈ ಸಲ ಬಲ್ಬು ಮಂಕಾಗಲಿಲ್ಲ.

"ಮನೆಗೆ ಹೋಗಿ ಎಂಟು ಗಂಟೆ ಚಾರ್ಜಿಗೆ ಬಿಡಿ. ಆಮೇಲೆ ಹತ್ತು-ಹದಿನೈದು ನಿಮಿಷ ಕೊಡುತ್ತೆ. ಅದು ಕೆಲಸ ಮುಂದುವರಿಸೋಕಲ್ಲ, ಸೇವ್ ಮಾಡಿ ಆಫ್ ಮಾಡೋಕೆ."

ಹಳೇ ಬ್ಯಾಟರಿ ತೂಕದ ಲೆಕ್ಕದಲ್ಲಿ ಬಿಲ್ಲಿನಿಂದ ಕಳೆದುಹೋಯಿತು. ಅದರೊಳಗಿನ ಸೀಸಕ್ಕೆ ಇನ್ನೂ ಬೆಲೆಯಿದೆ. ಕುಲುಮೆಯಲ್ಲಿ ಶುದ್ಧವಾಗಿ ಅದು ಮತ್ತೆ ಬ್ಯಾಟರಿಯೇ ಆಗಬಲ್ಲದು. ಆದರೆ ಕದ್ದುಮುಚ್ಚಿ ಹಿತ್ತಲಲ್ಲಿ ಕರಗಿಸಿದರೆ ಹೊಗೆ, ಮಣ್ಣು, ನೀರಿನ ದಾರಿ ಹಿಡಿದು ಮಕ್ಕಳ ಮೈ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಅದಕ್ಕೇ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆಯನ್ನು ತಯಾರಕರ ಹೆಗಲಿಗೆ ಹಾಕಿವೆ, ಅದನ್ನು ಮನೆಕಸದಿಂದ ಬೇರೆ ಇಡಬೇಕೆಂದು ಬಳಸುವವರಿಗೂ ಹೇಳಿವೆ.

ನಿಮ್ಮ ಮೇಜಿನ ಕೆಳಗೂ ಇಂಥದ್ದೊಂದು ಪೆಟ್ಟಿಗೆ ಇದ್ದರೆ ಆರು ತಿಂಗಳಿಗೊಮ್ಮೆ ಕೆಲಸವೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಕಂಪ್ಯೂಟರ್ ಆರದೆ ಉಳಿದರೆ ಸರಿ. ಆರಿಹೋದರೆ ಯು.ಪಿ.ಎಸ್. ಎಸೆಯಬೇಡಿ, ಬ್ಯಾಟರಿ ಬದಲಿಸಿ. ಹಳೆಯದನ್ನು ಬೀದಿಯ ಗುಜರಿಗೆ ಹಾಕದೆ, ಹೊಸದು ಕೊಂಡ ಅಂಗಡಿಗೇ ಒಪ್ಪಿಸಿ.