ಬೀಜಕ್ಕ ಬಿಟ್ಟ ಕಾಯಿ

"ಅದಕ್ಕ ಕೈ ಹಚ್ಚಬ್ಯಾಡೋ ತಮ್ಮಾ, ಬೀಜಕ್ಕ ಬಿಟ್ಟೇನಿ."

ಚಾಚಿದ ಕೈ ಹಿಂದೆ ಬಂತು. ಖಾನಾಪುರದ ದೊಡ್ಡವ್ವನ ಹಿತ್ತಲಲ್ಲಿ ಮೆಣಸಿನ ಗಿಡ ಎದೆಮಟ ನಿಂತಿದೆ. ನಡುವಿನ ಟೊಂಗೆಗೆ ಕೆಂಪು ದಾರ. ಅಲ್ಲಿ ನಾಲ್ಕೇ ಕಾಯಿ, ಗಿಡದ ಮೇಲೇ ಹಣ್ಣಾಗಿ ಸುಕ್ಕು ಬಿದ್ದಿವೆ. ಉಳಿದವು ಎಂದೋ ಒಗ್ಗರಣೆಗೆ, ರಂಜಕಕ್ಕೆ ಹೋದವು. ಹೂ ಬಿಡುವಾಗ ಆ ಟೊಂಗೆಗೆ ಹಳೆ ಧೋತರದ ತುಂಡು ಕಟ್ಟಿದ್ದಳಂತೆ. ಪಕ್ಕದ ಮಡಿಯಲ್ಲಿ ಡಬ್ಬು ಮೆಣಸಿನಕಾಯಿ ಇದೆಯಲ್ಲ! ಜೇನು ಅಲ್ಲಿಂದ ಇಲ್ಲಿಗೆ ಹಾರಿದರೆ ಈ ವರ್ಷದ ಕಾಯಿಗೆ ಏನೂ ಆಗದು. ಅದರ ಬೀಜದಿಂದ ಹುಟ್ಟಿದ ಗಿಡದಲ್ಲಿ ಖಾರ ಕೆಡುತ್ತದೆ.

ಟೊಮೆಟೊಗೆ ಇಷ್ಟು ಕಾವಲು ಬೇಡ, ತನ್ನ ಹೂವಿಗೆ ತಾನೇ ಫಲ ಕಟ್ಟುತ್ತದೆ. ಆದರೆ ನಾತ ತಡೆಯಬೇಕು. ಕಟ್ಟೆಯ ಮೇಲಿನ ಬಟ್ಟಲಲ್ಲಿ ತಿರುಳು ಮೂರು ದಿನದಿಂದ ಹುಳಿಯುತ್ತಿತ್ತು, ಮೇಲೆ ಬಿಳಿ ಪೊರೆ. ಬೀಜಕ್ಕೆ ಸುತ್ತಿದ ಲೋಳೆ ಮೊಳಕೆಯನ್ನು ತಡೆಯುತ್ತದೆ, ಹುಳಿಸಿದರೆ ಕಳಚುತ್ತದೆ. ದೊಡ್ಡವ್ವ ನೀರು ಸುರಿದು ಕದಡಿದಳು. ಜೊಳ್ಳು ತೇಲಿ ಹೋಯಿತು, ಗಟ್ಟಿ ಬೀಜ ತಳಕ್ಕೆ ಕೂತವು. ಕಾಗದದ ಮೇಲೆ ಹರವಿದರೆ ಅಂಟುತ್ತವೆಂದು ತಾಟಿನಲ್ಲಿ, ನೆರಳಿಗೆ ಇಟ್ಟಳು.

ಒಣಗಿಸುವುದೇನೋ ಸರಿ, ಕಾಯುವುದೇ ಕಷ್ಟ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಮಳೆಗಾಲದಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ. ಅದಕ್ಕೇ ಊರ ಕುಂಬಾರರ ಕುಡಿಕೆ, ಒಳಗೆ ಬೂದಿ, ಬಾಯಿಗೆ ಬಟ್ಟೆ, ಜಾಗ ಒಲೆಯ ಮೇಲಿನ ಅಟ್ಟ.

ನಾನು ಬೆಳಗಾವಿಯ ಟಿಳಕವಾಡಿಯವ, ತಾರಸಿ ಕೃಷಿಕ. ಒಮ್ಮೆ ಪೇಟೆಯ ನುಣುಪು ಟೊಮೆಟೊ ಬೀಜ ಹಾಕಿದೆ. ಮೂರು ಗಿಡ, ಮೂರು ಆಕಾರದ ಹಣ್ಣು! ಹೈಬ್ರಿಡ್ ಎಂದು ಆಮೇಲೆ ತಿಳಿಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೇ ಎರಡು ಹೆಸರು ನೋಡಿ: ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಬೀಜ ಎತ್ತಿಟ್ಟರೆ ತಾಯಿಯಂತೆ ಬಾರದು, ಅರ್ಕಾ ವಿಕಾಸ್ ತಳಿ, ಬರುತ್ತದೆ.

ಬೀಜ ಉಳಿಸಿ ಹಂಚುವ ಹಕ್ಕನ್ನು 2001ರ ಕಾಯ್ದೆ ರೈತರಿಗೆ ಕೊಟ್ಟಿದೆ. ದೊಡ್ಡವ್ವನಿಗೆ ಆ ಸುದ್ದಿ ಗೊತ್ತಿಲ್ಲ. ಹಂಚದೆ ಅವಳಿಗೆ ನಿದ್ದೆಯಂತೂ ಬರದು. ಹೊರಟಾಗ ಎರಡು ಪುಡಿಕೆ ಕೈಗಿಟ್ಟಳು. ಮೆಣಸಿನಕಾಯಿ ಬಿಚ್ಚಿದ ಕೈಯಲ್ಲೇ ಕಣ್ಣುಜ್ಜಿ, ದೇಸೂರು ದಾಟುವವರೆಗೂ ರೈಲಿನಲ್ಲಿ ಅಳುತ್ತ ಬಂದೆ.

ನೀವೂ ಪುಡಿಕೆ ಕಟ್ಟುವವರಾದರೆ ಮೇಲೆ ವರ್ಷ ಬರೆಯಿರಿ. ಟೊಮೆಟೊ ಬೀಜ ನಾಲ್ಕು ವರ್ಷ ತಾಳೀತು, ಮೆಣಸಿನದು ಎರಡು-ಮೂರಕ್ಕೇ ಸೊರಗುತ್ತದೆ.