ಮಕ್ಕಳ ದಮ್ಮು ಅಳೆಯಲು ಇಪ್ಪತ್ತು ಮೀಟರ್ ಜಾಗ ಸಾಕು

ಮುಂಬಯಿಯ ವಿಲೆ ಪಾರ್ಲೆಯಲ್ಲಿ ಶಾಲೆಗಳಿಗೆ ಬರವಿಲ್ಲ. 1921ರಲ್ಲಿ ಶುರುವಾದ ಪಾರ್ಲೆ ತಿಲಕ್ ವಿದ್ಯಾಲಯದಂಥ ಹಳೆಯ ಮರಾಠಿ ಶಾಲೆಗಳಿಂದ ಹಿಡಿದು ಈಚಿನ ಇಂಗ್ಲಿಷ್ ಶಾಲೆಗಳವರೆಗೆ ಎಲ್ಲವೂ ಇಲ್ಲಿವೆ. ಬರವಿರುವುದು ಬಯಲಿಗೆ. ಊರಿನ ನಡುವೆ ಪಶ್ಚಿಮ ರೈಲ್ವೆಯ ಹಳಿ, ಪೂರ್ವದಲ್ಲಿ ಎಕ್ಸ್‌ಪ್ರೆಸ್ ಹೈವೇ ಮತ್ತು ವಿಮಾನ ನಿಲ್ದಾಣ, ಪಶ್ಚಿಮದಲ್ಲಿ ಎಸ್.ವಿ. ರೋಡು, ಉಳಿದ ಜಾಗವನ್ನೆಲ್ಲ ಕಟ್ಟಡಗಳು ತುಂಬಿವೆ. ಶಾಲೆಗೆ ರಿಕ್ಷಾ ಇಲ್ಲವೇ ಬಸ್ಸು, ಮನೆಗೆ ಲಿಫ್ಟು, ಸಂಜೆಗೆ ಟ್ಯೂಷನ್. ಹೀಗೆ ಒಂದು ಮಗು ಒಮ್ಮೆಯೂ ಏದುಸಿರು ಬಿಡದೆ ಇಡೀ ವಾರ ಕಳೆಯಬಹುದು.

ಆ ಮಗುವಿನ ಪ್ರಗತಿಪತ್ರದಲ್ಲಿ ಎತ್ತರ, ತೂಕ ಇರುತ್ತವೆ. ದಮ್ಮು ಎಷ್ಟಿದೆ ಎಂಬುದು ಬಹುಪಾಲು ಇರುವುದಿಲ್ಲ. ಹೃದಯ ಮತ್ತು ಶ್ವಾಸಕೋಶ ಎಷ್ಟು ಗಟ್ಟಿಯಾಗಿವೆ ಎಂದು ಹೇಳುವ ಅಳತೆ ಅದೇ.

ತೂಕ ಸರಿಯಿದ್ದರೆ ಸಾಕಲ್ಲವೇ ಎಂದು ಕೇಳುವವರಿಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಕೊಟ್ಟ ಉತ್ತರವಿದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರು ತಮ್ಮ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ನಿಂತ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯ ಕೊಬ್ಬಿನ ಪಾಲು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನಮ್ಮವರ ದೇಹ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದು ಸಾಮಾನ್ಯ. ತಕ್ಕಡಿಯೊಂದನ್ನೇ ನಂಬಿ ಮಗು ಆರೋಗ್ಯವಾಗಿದೆ ಎಂದು ತೀರ್ಮಾನಿಸಲಾಗದು.

ಏನನ್ನು ಅಳೆಯುತ್ತೇವೆ?

ಮಗು ಓಡತೊಡಗಿದ ಕೂಡಲೆ ಕಾಲಿನ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಶ್ವಾಸಕೋಶ ಅದನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ, ರಕ್ತ ಹೊತ್ತೊಯ್ಯುತ್ತದೆ, ಹೃದಯ ತಳ್ಳುತ್ತದೆ, ಸ್ನಾಯು ಬಳಸಿಕೊಳ್ಳುತ್ತದೆ. ಓಟದ ವೇಗ ಏರಿದಂತೆ ಈ ಬಳಕೆಯೂ ಏರಿ, ಒಂದು ಹಂತದಲ್ಲಿ ನಿಂತುಬಿಡುತ್ತದೆ. ಆ ಮೇಲ್ಮಿತಿಯನ್ನು 'ವಿಒ2 ಮ್ಯಾಕ್ಸ್' ಎನ್ನುತ್ತಾರೆ. ದೇಹದ ಪ್ರತಿ ಕಿಲೋಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಖರ್ಚಾಯಿತು ಎಂಬುದೇ ಅದರ ಲೆಕ್ಕ. ಬ್ರಿಟನ್ನಿನ ಎ.ವಿ. ಹಿಲ್ 1920ರ ದಶಕದಲ್ಲಿ ಈ ಕಲ್ಪನೆಗೆ ರೂಪ ಕೊಟ್ಟರು. ಸ್ವೀಡನ್ನಿನ ಓಸ್ಟ್ರಾಂಡ್ 1952ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳನ್ನೂ ಸೇರಿಸಿಕೊಂಡರು.

ಇದನ್ನು ಕರಾರುವಾಕ್ಕಾಗಿ ಅಳೆಯಲು ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ಬಿಟ್ಟ ಉಸಿರನ್ನು ಯಂತ್ರದಲ್ಲಿ ಪರೀಕ್ಷಿಸಬೇಕು. ಯಾವ ಶಾಲೆಗೂ ಅದು ಎಟುಕದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಲೂಕ್ ಲೆಜೇ ಇದಕ್ಕೊಂದು ಸುಲಭದ ದಾರಿ ಹುಡುಕಿ 1980ರ ದಶಕದಲ್ಲಿ ಮಕ್ಕಳಿಗೆ ಹೊಂದಿಸಿದರು. ನೆಲದ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಬೇಕು. ಧ್ವನಿಮುದ್ರಣದಲ್ಲಿ 'ಬೀಪ್' ಕೇಳುವಷ್ಟರಲ್ಲಿ ಮಗು ಎದುರಿನ ಗೆರೆ ಮುಟ್ಟಬೇಕು. ಆರಂಭದ ವೇಗ ಗಂಟೆಗೆ 8.5 ಕಿ.ಮೀ.; ಪ್ರತಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತದೆ. ಬೀಪ್‌ಗೆ ಮೊದಲು ಗೆರೆ ಮುಟ್ಟಲು ಸತತ ಎರಡು ಬಾರಿ ಆಗದಿದ್ದರೆ ಓಟ ಮುಗಿಯಿತು.

ಕೊನೆಗೆ ಮುಟ್ಟಿದ ವೇಗ ಮತ್ತು ವಯಸ್ಸನ್ನು ಲೆಜೇ ಸೂತ್ರಕ್ಕೆ ಹಾಕಿದರೆ ಅಂದಾಜು ಸಿಗುತ್ತದೆ. ಹತ್ತು ವರ್ಷದ ಮಗು 10 ಕಿ.ಮೀ. ವೇಗದವರೆಗೆ ಓಡಿದರೆ ಸುಮಾರು 46. ಹನ್ನೆರಡರ ಮಗು ಅದೇ ವೇಗಕ್ಕೆ ನಿಂತರೆ ಸುಮಾರು 43. ದೊಡ್ಡ ಮಕ್ಕಳು ಅದೇ ವೇಗದಲ್ಲಿ ಕಡಿಮೆ ಆಮ್ಲಜನಕ ಖರ್ಚುಮಾಡಿ ಓಡಬಲ್ಲರು. ಅದಕ್ಕೇ ಈ ವ್ಯತ್ಯಾಸ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹುಡುಗರಲ್ಲಿ 42, ಹುಡುಗಿಯರಲ್ಲಿ 35ಕ್ಕಿಂತ ಕೆಳಗಿಳಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ಪರಿಗಣಿಸಬೇಕೆಂದಿತು. ಅಂಥ ಮಕ್ಕಳಲ್ಲಿ ಮುಂದೆ ಹೃದ್ರೋಗಕ್ಕೆ ದಾರಿಯಾಗುವ ಲಕ್ಷಣಗಳು ಹೆಚ್ಚು ಕಂಡಿದ್ದವು.

ನಮ್ಮ ದೇಶದ 'ಖೇಲೋ ಇಂಡಿಯಾ' ಶಾಲಾ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯಿಂದ ಮೇಲಿನವರಿಗೆ 600 ಮೀಟರ್ ಓಟ ಅಥವಾ ನಡಿಗೆ ಇದೆ. ಒಳ್ಳೆಯ ಪರೀಕ್ಷೆಯೇ. ಆದರೆ ಪಾರ್ಲೆಯ ಸಣ್ಣ ಅಂಗಳದಲ್ಲಿ 600 ಮೀಟರ್ ಆಗಬೇಕಾದರೆ ಮಕ್ಕಳು ಮೂಲೆಮೂಲೆಗೂ ತಿರುಗುತ್ತ ಸುತ್ತುಹೊಡೆಯಬೇಕು. 20 ಮೀಟರ್ ಓಟಕ್ಕೆ ಕಟ್ಟಡದ ಪಕ್ಕದ ಉದ್ದನೆಯ ಪಟ್ಟಿ, ಕೆಲವೆಡೆ ತಾರಸಿ ಅಥವಾ ಸಭಾಂಗಣವೂ ಆದೀತು.

ದಮ್ಮು ಬೆಳೆಯುವುದು ಹೇಗೆ?

ಜಗತ್ತಿನ ಮಕ್ಕಳ ದಮ್ಮು ಇಳಿದಿದೆ ಎನ್ನುವುದಕ್ಕೆ ಪುರಾವೆ ಬಲವಾಗಿದೆ. 19 ದೇಶಗಳ ಸುಮಾರು ಹತ್ತು ಲಕ್ಷ ಮಕ್ಕಳ ಬೀಪ್ ಓಟದ ಫಲಿತಾಂಶಗಳನ್ನು ಹೋಲಿಸಿದಾಗ 1981ರಿಂದ 2014ರ ನಡುವೆ ಶೇ. 7ರಷ್ಟು ಕುಸಿತ ಕಂಡುಬಂತು. ಸಮಾಧಾನದ ಸಂಗತಿಯೆಂದರೆ ದಮ್ಮು ಬೇಗ ಚೇತರಿಸಿಕೊಳ್ಳುತ್ತದೆ. ವಾರಕ್ಕೆ ಮೂರ್ನಾಲ್ಕು ದಿನ, ನಾಡಿ ನಿಮಿಷಕ್ಕೆ 160ರಿಂದ 180 ಬಡಿಯುವಷ್ಟು ಜೋರಾಗಿ, ಮೂರು ತಿಂಗಳು ಓಡಿದ ಮಕ್ಕಳಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಏರಿಕೆ ಸಿಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುವುದೇ ಇದಕ್ಕೆ ಮುಖ್ಯ ಕಾರಣ.

ಅದಕ್ಕೆ ಕ್ರೀಡಾಪಟುವಾಗಬೇಕಿಲ್ಲ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ 2012ರಲ್ಲಿ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ ದಿನಕ್ಕೆ 15 ನಿಮಿಷ ಎಲ್ಲ ಮಕ್ಕಳನ್ನೂ ಸಮವಸ್ತ್ರದಲ್ಲೇ ಹೊರಗೆ ಓಡಲು ಬಿಟ್ಟರು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಕೆಲವು ವರ್ಷಗಳ ನಂತರ ಇನ್ನೊಂದು ಶಾಲೆಯ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ, ಹೀಗೆ ಓಡಿದವರ ಬೀಪ್ ಓಟ ಶೇ. 5ರಷ್ಟು ಉದ್ದವಾಗಿತ್ತು. ನಮ್ಮಲ್ಲಿ ಖೋ-ಖೋ, ಕಬಡ್ಡಿ, ಕುಂಟಾಟ, ಹಗ್ಗದಾಟ ಎಲ್ಲವೂ ಸಣ್ಣ ಜಾಗಕ್ಕೆ ಹೇಳಿ ಮಾಡಿಸಿದವು. ಸರದಿಗಾಗಿ ಕಾಯುತ್ತ ನಿಲ್ಲುವ ಮಕ್ಕಳು ಕಡಿಮೆಯಿರುವಂತೆ ತಂಡ ಮಾಡಿಕೊಂಡರೆ ಆಯಿತು. ರಜೆಯ ದಿನ ಜುಹು ತೀರ ದೂರವಿಲ್ಲ. ಇಳಿತದ ಹೊತ್ತಿನ ಗಟ್ಟಿ ಮರಳು ಓಟಕ್ಕೆ ಚೆನ್ನ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಏದುಸಿರು ಬರಿಸುವಂಥದ್ದು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗಾಳಿಯ ಮಾತು ಬಿಡುವಂತಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹತ್ತರಿಂದ ಹದಿನೆಂಟರವರೆಗೆ ಮಕ್ಕಳನ್ನು ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸೂಕ್ಷ್ಮ ಧೂಳು ಅತಿ ಹೆಚ್ಚಿದ್ದ ಊರಿನಲ್ಲಿ ಶ್ವಾಸಕೋಶದ ಬಲ ತೀರಾ ಕಡಿಮೆಯಿದ್ದವರ ಪಾಲು ಶುದ್ಧ ಗಾಳಿಯ ಊರಿಗಿಂತ ಸುಮಾರು ಐದು ಪಟ್ಟು. ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಹೆಚ್ಚು ಬಲಿತಿತ್ತೆಂದು 2015ರಲ್ಲಿ ಅದೇ ತಂಡ ತೋರಿಸಿತು. ಮುಂಬಯಿಯ ಚಳಿಗಾಲದಲ್ಲಿ ಗಾಳಿ ಗುಣಮಟ್ಟದ ಸೂಚ್ಯಂಕ 200 ದಾಟಿದ ದಿನ ಹೊರಗಿನ ಓಟ ಬಿಟ್ಟು ಒಳಗೆ ಆಡಿಸುವುದು ಕ್ಷೇಮ. ಉಬ್ಬಸವಿರುವ ಮಗುವನ್ನು ಪೂರ್ತಿ ಕೂರಿಸುವುದು ತಪ್ಪು. ವೈದ್ಯರ ಸಲಹೆಯಂತೆ ಇನ್‌ಹೇಲರ್ ಕೈಗೆಟುಕುವಲ್ಲಿಟ್ಟು, ನಿಧಾನವಾಗಿ ಮೈ ಬಿಸಿ ಮಾಡಿಸಿ ಆಡಿಸಬಹುದು. ಓಡುವಾಗ ಎದೆ ನೋವು, ತಲೆ ತಿರುಗಿ ಬೀಳುವುದು ಕಂಡರೆ ಮಾತ್ರ ಪರೀಕ್ಷೆಗೆ ಮೊದಲು ವೈದ್ಯರನ್ನು ಕಾಣಲೇಬೇಕು.

ಈ ಅಳತೆಯನ್ನು ರ‍್ಯಾಂಕ್ ಪಟ್ಟಿಯಾಗಿಸಿದರೆ ಉದ್ದೇಶವೇ ಹಾಳು. ಕೊನೆಗೆ ಬಂದ ಮಗು ಎಲ್ಲರೆದುರು ನಾಚಿಕೊಂಡರೆ ಮರುದಿನದಿಂದ ಆಟವನ್ನೇ ಬಿಡುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಒಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ಓಡಿಸಿ. ಪ್ರತಿ ಮಗುವನ್ನೂ ಅದರ ಹಿಂದಿನ ಓಟದೊಂದಿಗೆ ಮಾತ್ರ ಹೋಲಿಸಿ. ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಕೊಡುವ ಅಭ್ಯಾಸ ನಿಲ್ಲಲಿ. ಮುಂದಿನ ಪಾಲಕರ ಸಭೆಯಲ್ಲಿ ಅಂಕಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಮಗುವಿನ ದಮ್ಮು ಕಳೆದ ಸಲಕ್ಕಿಂತ ಎಷ್ಟು ಹೆಚ್ಚಿದೆ?