ಲೋಣಾರ್ ಉಲ್ಕಾಕುಳಿ: ದಖನ್ನಿನ ಕಪ್ಪುಶಿಲೆ ಹೇಳುವ ಸಾಕ್ಷ್ಯ

ರೋಣ, ನರಗುಂದ, ಯಾವಗಲ್ ಪರಿಸರದ ಎರೆಭೂಮಿಯಿಂದ ಉತ್ತರಕ್ಕೆ ಸಾಗಿದರೆ ಬಾಗಲಕೋಟೆ, ವಿಜಯಪುರ, ಬೀದರ್ ಸೀಮೆಗಳಲ್ಲಿ ದಖನ್ನಿನ ಲಾವಾಸ್ತರಗಳು ಎದುರಾಗುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಈ ಬಸಾಲ್ಟ್ ಶಿಲೆಯ ವಿಸ್ತಾರದಲ್ಲಿಯೇ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ, ಲೋಣಾರ್ ಕುಳಿ ಇದೆ. ಕರ್ನಾಟಕದ ಗಡಿಯೊಳಗೆ ಉಲ್ಕಾಕುಳಿಯೆಂದು ಸರ್ವಸಮ್ಮತವಾಗಿ ದೃಢಪಟ್ಟ ರಚನೆ ಇಲ್ಲದಿರುವುದರಿಂದ ದಖನ್ ಶಿಲೆಗಳ ಅಭ್ಯಾಸಿಗಳಿಗೆ ಲೋಣಾರವೇ ಹತ್ತಿರದ ಪಾಠಶಾಲೆ.

ಕುಳಿಯ ವ್ಯಾಸ ಸುಮಾರು 1.8 ಕಿಲೋಮೀಟರ್. ಸುತ್ತಲಿನ ನೆಲಕ್ಕಿಂತ ಎತ್ತರವಾಗಿ ಎದ್ದಿರುವ ಅಂಚಿನಲ್ಲಿ ಲಾವಾಪದರಗಳು ಹೊರಮುಖವಾಗಿ ವಾಲಿವೆ. ತಳದಲ್ಲಿ ಕ್ಷಾರಯುಕ್ತ ಸರೋವರವಿದೆ. ವಿಷ್ಣುವು ಲವಣಾಸುರನನ್ನು ಸಂಹರಿಸಿದ ಸ್ಥಳವಿದೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಊರಿನ ದೈತ್ಯಸೂದನ ದೇವಾಲಯ ಅದಕ್ಕೆ ಸಂಬಂಧಿಸಿದ್ದು.

1823ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಈ ಸ್ಥಳವನ್ನು ಪಾಶ್ಚಾತ್ಯರ ಗಮನಕ್ಕೆ ತಂದನು. ಅನಂತರ ನೂರು ವರ್ಷಗಳಿಗೂ ಹೆಚ್ಚು ಕಾಲ ಬಹುತೇಕ ವಿದ್ವಾಂಸರು ಇದನ್ನು ಜ್ವಾಲಾಮುಖಿಯ ಬಾಯಿ ಅಥವಾ ಕುಸಿತವೆಂದೇ ಭಾವಿಸಿದರು. ಈ ತಪ್ಪು ಸಹಜವಾದದ್ದು: ಲಾವಾದಿಂದಲೇ ಆದ ನಾಡಿನಲ್ಲಿ ದುಂಡಾದ ಗುಂಡಿಗೆ ಬೇರೆ ಕಾರಣವನ್ನು ಹುಡುಕುವವರಾರು? ಆದರೆ ದಖನ್ ಜ್ವಾಲಾಮುಖಿ ಚಟುವಟಿಕೆ ಎಂದೋ ನಿಂತುಹೋಗಿತ್ತು. ಕುಳಿಯ ಹೊಸತನಕ್ಕೆ ಹೊಂದುವ ಹೊಸ ಲಾವಾ ಅಲ್ಲಿಲ್ಲ.

ನಿರ್ಣಾಯಕ ಸಾಕ್ಷ್ಯ ದೊರೆಯಲು ವಿಳಂಬವಾದುದಕ್ಕೂ ಶಿಲೆಯೇ ಕಾರಣ. ಅಮೆರಿಕದ ಅರಿಜೋನಾ ಕುಳಿಯ ಮರಳುಗಲ್ಲಿನಲ್ಲಿ ಸ್ಫಟಿಕ ಶಿಲೆ ಹೇರಳವಾಗಿದ್ದುದರಿಂದ ಅದರ ಅತ್ಯಧಿಕ ಒತ್ತಡದ ರೂಪವಾದ ಕೋಯೆಸೈಟ್ 1960ರಲ್ಲಿ ಪತ್ತೆಯಾಯಿತು. ಬಸಾಲ್ಟಿನಲ್ಲಿ ಸ್ಫಟಿಕ ಅತಿ ವಿರಳ. ಇಲ್ಲಿ ಸಾಕ್ಷಿ ನುಡಿದದ್ದು ಪ್ಲೇಜಿಯೋಕ್ಲೇಸ್ ಖನಿಜ. ಆಘಾತದ ಒತ್ತಡಕ್ಕೆ ಸಿಲುಕಿದಾಗ ಅದು ಕರಗದೆಯೇ, ಹರಳಿನ ಆಕಾರವನ್ನು ಉಳಿಸಿಕೊಂಡೇ ಗಾಜಾಗಿ ಮಾರ್ಪಡುತ್ತದೆ, ಇದು ಮ್ಯಾಸ್ಕೆಲಿನೈಟ್. ಯಾವ ಜ್ವಾಲಾಮುಖಿಯೂ ಅಂತಹ ಒತ್ತಡವನ್ನು ಉಂಟುಮಾಡಲಾರದು. ಕುಳಿಯ ತಳವನ್ನು ಕೊರೆದು ತೆಗೆದ ಮಾದರಿಗಳಲ್ಲಿ ಇದು ದೊರೆತುದನ್ನು ಫ್ರೆಡ್ರಿಕ್ಸನ್, ದುಬೆ, ಮಿಲ್ಟನ್ ಮತ್ತು ಬಾಲಸುಂದರಂ 1973ರಲ್ಲಿ ಪ್ರಕಟಿಸಿದರು. ಉಲ್ಕಾಮೂಲದ ವಾದ ಅಲ್ಲಿಗೆ ನೆಲೆಗೊಂಡಿತು.

ಕಾಲನಿರ್ಣಯ ಮಾತ್ರ ಇನ್ನೂ ಬಗೆಹರಿದಿಲ್ಲ. ಉಷ್ಣದೀಪ್ತಿ ವಿಧಾನದಿಂದ 1997ರಲ್ಲಿ ದೊರೆತ ವಯಸ್ಸು ಸುಮಾರು 52,000 ವರ್ಷ. 2011ರಲ್ಲಿ ಆರ್ಗಾನ್ ವಿಧಾನ ನೀಡಿದ್ದು ಸುಮಾರು 5,70,000 ವರ್ಷ. ಹತ್ತು ಪಟ್ಟಿನ ಅಂತರ ಅಳತೆಯ ಸಣ್ಣ ದೋಷವಲ್ಲ. ಕರಗಿದ ಗಾಜಿನಲ್ಲಿ ಮೂಲ ಬಸಾಲ್ಟಿನ ಹಳೆಯ ಆರ್ಗಾನ್ ಉಳಿದಿದ್ದರೆ ಲೆಕ್ಕ ಹಿಂದಕ್ಕೆ ಸರಿಯುತ್ತದೆ. 2011ರ ಸಂಶೋಧಕರು ಅದಕ್ಕೆ ತಿದ್ದುಪಡಿ ಮಾಡಿಯೇ ಈ ಸಂಖ್ಯೆಯನ್ನು ನೀಡಿದ್ದಾರೆಂಬುದನ್ನು ಮರೆಯಲಾಗದು. ಚಂದ್ರ ಮತ್ತು ಮಂಗಳದ ಬಸಾಲ್ಟ್ ಮೇಲ್ಮೈಯಲ್ಲಿರುವ ಕುಳಿಗಳಿಗೆ ಭೂಮಿಯಲ್ಲಿ ದೊರೆಯುವ ಅಪರೂಪದ ಹೋಲಿಕೆ ಇದಾದುದರಿಂದ ಈ ವಿವಾದದ ಮಹತ್ವ ಬುಲ್ಢಾಣಾಕ್ಕೆ ಸೀಮಿತವಲ್ಲ.

2020ರ ಜೂನ್‌ನಲ್ಲಿ ಸರೋವರದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಪುಣೆಯ ಅಗರ್ಕರ್ ಸಂಶೋಧನ ಸಂಸ್ಥೆ ಅದಕ್ಕೆ ಲವಣಪ್ರಿಯ ಸೂಕ್ಷ್ಮಜೀವಿಗಳು ಕಾರಣವೆಂದು ತಿಳಿಸಿತು. ಅದೇ ವರ್ಷ ಲೋಣಾರ್ ರಾಮ್ಸರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು.